ತಾನೇ ನಿಲ್ಲುವ ಚೀಲ

ಚೀಲಗಳಲ್ಲಿ ಎರಡು ಬಗೆ. ಒಳಗಿಟ್ಟ ವಸ್ತುವಿನಿಂದ ಆಕಾರ ಪಡೆಯುವವು ಒಂದು ಬಗೆ. ಬರಿದಾಗಿರುವಾಗಲೂ ತಮ್ಮ ಆಕಾರವನ್ನು ಉಳಿಸಿಕೊಂಡು ನಿಲ್ಲುವವು ಇನ್ನೊಂದು ಬಗೆ. ನಮ್ಮ ಹೆಗಲಿಗೆ ಬಂದ ಜೋಳಿಗೆ ಮೊದಲನೆಯದಕ್ಕೆ ಸೇರಿದ್ದು. ಭಕ್ತರು ನೀಡಿದ ಧಾನ್ಯವೇ ಅದಕ್ಕೆ ಆಕಾರ. ಬರಿದಾದರೆ ಮಡಿಸಿದ ಬಟ್ಟೆಯಷ್ಟೆ. ನಗರಗಳಲ್ಲಿ ಉದ್ಯೋಗಕ್ಕೆ ಹೋಗುವ ಹೆಣ್ಣುಮಕ್ಕಳು ಹಿಡಿಯುವ ಗಟ್ಟಿಯಾದ ಕೈಚೀಲ ಎರಡನೆಯ ಬಗೆಯದು. ಮಠದ ಮಾಸಪತ್ರಿಕೆಯಲ್ಲಿ ಕೈಚೀಲದ ವಿಚಾರವೇಕೆಂದು ಓದುಗ ಬಂಧುಗಳು ಅಚ್ಚರಿಪಡಬಹುದು. ಈಚೆಗೆ ಒಬ್ಬ ತಾಯಿಯ ಕೈಕೆಲಸವನ್ನು ಹತ್ತಿರದಿಂದ ನೋಡುವ ಅವಕಾಶ ನಮಗೆ ಒದಗಿತು. ಅದರೊಡನೆ ಅವರು ಒಂದು ಪ್ರಶ್ನೆಯನ್ನೂ ತಂದಿದ್ದರು. ಎರಡನ್ನೂ ನಿಮ್ಮ ಮುಂದಿಡುವುದು ಉಚಿತವೆಂದು ತೋರಿತು.

ಅವರ ಮಗ ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದು ಓದಿದವನು. ಪತಿ ತೀರಿಕೊಂಡ ಮೇಲೆ ಮನೆಯಲ್ಲಿಯೇ ರವಿಕೆ, ಲಂಗಗಳನ್ನು ಹೊಲಿದು ಸಂಸಾರ ತೂಗಿಸಿದವರು ಆ ತಾಯಿ. ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ದೊರೆತಾಗ, ಅವಳು ಚಿತ್ರದಲ್ಲಿ ಕಂಡು ಮೆಚ್ಚಿದ ಫ್ರಾನ್ಸ್ ದೇಶದ ಚೀಲವೊಂದನ್ನು ಮಾದರಿಯಾಗಿಟ್ಟುಕೊಂಡು ತಾವೇ ಒಂದನ್ನು ಹೊಲಿದುಕೊಟ್ಟರು. ಅದನ್ನು ಕಂಡ ಮಗಳ ಗೆಳತಿಯರು ತಮಗೂ ಬೇಕೆಂದರು. ಹೀಗೆ ರವಿಕೆ ಹೊಲಿಯುತ್ತಿದ್ದ ಯಂತ್ರದಲ್ಲಿ ಚೀಲದ ಕೆಲಸ ಆರಂಭವಾಯಿತು.

ಅರ್ಧ ಹೊಲಿದಿದ್ದ ಚೀಲವೊಂದನ್ನು ಅವರು ಒಳಮೈ ಹೊರಗೆ ಮಾಡಿ ನಮಗೆ ತೋರಿಸಿದರು. ಹೊರಗಿನದು ದಪ್ಪ ಕ್ಯಾನ್ವಾಸ್ ಬಟ್ಟೆ. ಒಳಗಿನ ಅಸ್ತರು ತೆಳುವಾದ ಹತ್ತಿಯದು. ಚೀಲ ನಿಲ್ಲುವುದು ಇವೆರಡರಿಂದಲೂ ಅಲ್ಲ, ಇವುಗಳ ನಡುವೆ ಕಣ್ಣಿಗೆ ಬೀಳದಂತೆ ಕುಳಿತಿರುವ ಬಕ್ರಂನಿಂದ. ಅಂಗಿಯ ಕಾಲರಿನೊಳಗೆ ದರ್ಜಿಗಳು ಇಡುವ ಬಿರುಸಾದ ಬಟ್ಟೆಯೇ ಇದು. ಅಂಟು ಇರುವ ಬದಿಯನ್ನು ಕ್ಯಾನ್ವಾಸಿನ ಒಳಮೈಗೆ ತಾಗಿಸಿ, ಇಸ್ತ್ರಿಪೆಟ್ಟಿಗೆಯನ್ನು ಎಳೆದಾಡದೆ ಒಂದೊಂದೆಡೆಯಲ್ಲೂ ಒತ್ತಿ ಹಿಡಿಯಬೇಕು. ಎಳೆದರೆ ಬಟ್ಟೆ ಜರುಗಿ ಸುಕ್ಕು ನಿಲ್ಲುತ್ತದೆ. ಹೊಲಿಗೆ ಬೀಳುವ ಅಂಚಿನಿಂದ ಅರ್ಧ ಅಂಗುಲದಷ್ಟು ಬಕ್ರಂ ಅನ್ನು ಮೊದಲೇ ಕತ್ತರಿಸಿ ತೆಗೆದಿರಬೇಕು. ಇಲ್ಲವಾದರೆ ಪದರಗಳು ದಪ್ಪಗಟ್ಟಿ ಸೂಜಿ ಮುರಿಯಬಹುದು, ಮೂಲೆಯೂ ಸರಿಯಾಗಿ ಮಡಿಸದು. ಸೂಜಿಯೂ ರವಿಕೆಯ ಸಣ್ಣ ಸೂಜಿಯಲ್ಲ, ೧೮ನೆಯ ಸಂಖ್ಯೆಯದು.

ಲೆಕ್ಕವೂ ತಪ್ಪುವಂತಿಲ್ಲ. ಮುಂಬದಿಯ ತುಂಡು ೧೨ ಅಂಗುಲ ಅಗಲ, ೯ ಅಂಗುಲ ಎತ್ತರವಿದ್ದರೆ, ಎರಡು ಪಕ್ಕಗಳನ್ನೂ ತಳವನ್ನೂ ಬಳಸಿ ಬರುವ ಪಟ್ಟಿ ೯, ೧೨, ೯ ಕೂಡಿ ೩೦ ಅಂಗುಲ. ಎರಡು ತುದಿಗಳ ಹೊಲಿಗೆಗೆಂದು ಇನ್ನೊಂದು ಅಂಗುಲ. ಪಟ್ಟಿ ಮೂಲೆಯಲ್ಲಿ ತಿರುಗುವೆಡೆ, ಹೊಲಿಗೆಯ ಗೆರೆಗೆ ಎಳೆಯಷ್ಟು ಮುಂಚೆ ನಿಲ್ಲುವಂತೆ ಕತ್ತರಿಯಿಂದ ಕಚ್ಚು ಹಾಕಬೇಕು. ಗೆರೆ ದಾಟಿದರೆ ಅಲ್ಲಿ ತೂತು. ಕಚ್ಚು ಹಾಕದಿದ್ದರೆ ಅಲ್ಲಿ ಗಂಟು. ಹಿಡಿಯ ಬುಡದಲ್ಲಿ ಚೌಕವಾಗಿ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಮತ್ತೆರಡು ಸಾಲು ಹೊಲಿಯುತ್ತಾರೆ, ಏಕೆಂದರೆ ಭಾರವೆಲ್ಲ ಬೀಳುವುದು ಅಲ್ಲಿಯೇ. ಒಂದು ಚೀಲಕ್ಕೆ ಎರಡು ದಿನಗಳ ದುಡಿಮೆ ಬೇಕು.

ಅವರು ಮಾದರಿಯಾಗಿ ಆರಿಸಿಕೊಂಡದ್ದು ಪ್ಯಾರಿಸ್ ನಗರದ ಎರ್ಮೆಸ್ ಸಂಸ್ಥೆಯ ಚೀಲ. ೧೮೩೭ರಲ್ಲಿ ಕುದುರೆಯ ಸಜ್ಜುಗಳನ್ನು ತಯಾರಿಸುವ ಕಾರ್ಯಾಗಾರವಾಗಿ ಆರಂಭವಾದ ಸಂಸ್ಥೆಯದು. ಕುದುರೆಯ ಜೀನು ಹೊಲಿಯುವ ವಿಧಾನವನ್ನೇ ಅದು ಚೀಲಗಳಿಗೂ ಉಳಿಸಿಕೊಂಡಿದೆ. ಒಂದೇ ದಾರದ ಎರಡು ತುದಿಗಳಿಗೆ ಎರಡು ಸೂಜಿಗಳು. ಒಂದೇ ರಂಧ್ರದಲ್ಲಿ ಎರಡು ಕಡೆಗಳಿಂದಲೂ ಹಾಯುತ್ತವೆ. ಒಂದೆಡೆ ದಾರ ಕಡಿದರೂ ಉಳಿದ ಹೊಲಿಗೆ ಹಿಡಿದು ನಿಲ್ಲುತ್ತದೆ. ಈ ಚೀಲಕ್ಕೆ ಬರ್ಕಿನ್ ಎಂಬ ಹೆಸರು ಬಂದ ಬಗೆಯೂ ಸ್ವಾರಸ್ಯಕರವಾದುದು. ನಟಿಯೂ ಗಾಯಕಿಯೂ ಆಗಿದ್ದ ಜೇನ್ ಬರ್ಕಿನ್ ಒಮ್ಮೆ ಪ್ಯಾರಿಸ್ಸಿನಿಂದ ಲಂಡನ್ನಿಗೆ ವಿಮಾನದಲ್ಲಿ ಹೋಗುತ್ತಿದ್ದಾಗ ಅವರ ಸಾಮಾನುಗಳೆಲ್ಲ ಚೆಲ್ಲಿದವು. ಮಕ್ಕಳ ತಾಯಿಗೆ ಅನುಕೂಲವಾದ ಚೀಲವೇ ಸಿಗುವುದಿಲ್ಲವೆಂದು ಅವರು ಪಕ್ಕದಲ್ಲಿದ್ದವರೊಡನೆ ಹೇಳಿಕೊಂಡರು. ಪಕ್ಕದಲ್ಲಿದ್ದವರು ಆ ಸಂಸ್ಥೆಯ ಮುಖ್ಯಸ್ಥ ಜಾನ್ ಲೂಯಿ ದ್ಯುಮಾ. ೧೯೮೪ರಲ್ಲಿ ಹೊಸ ಚೀಲ ರೂಪುಗೊಂಡಿತು. ಬರ್ಕಿನ್ ತಾವೇ ಬಳಸಿದ್ದ ಮೊದಲ ಚೀಲ ೨೦೨೫ರ ಜುಲೈನಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಸುಮಾರು ೮೬ ಲಕ್ಷ ಯೂರೋಗಳಿಗೆ ಮಾರಾಟವಾಯಿತು. ಇಂಥ ಬೆಲೆಗೆ ತೊಗಲು, ಹೊಲಿಗೆಗಳಷ್ಟೇ ಕಾರಣವಲ್ಲ, ಹೆಸರೂ ಕಾರಣ.

ಆ ತಾಯಿಯ ಪ್ರಶ್ನೆ ಹುಟ್ಟಿದ್ದೂ ಈ ಹೆಸರಿನಿಂದಲೇ. ಪಟ್ಟಣದ ವ್ಯಾಪಾರಿಯೊಬ್ಬರು ಅವರ ಹೊಲಿಗೆಯನ್ನು ಮೆಚ್ಚಿ, ತಾವು ಕೊಡುವ ಲೋಹದ ಹೆಸರುಪಟ್ಟಿಯನ್ನು ಚೀಲಕ್ಕೆ ಕೂರಿಸಿಕೊಟ್ಟರೆ ಮೂರು ಪಟ್ಟು ಬೆಲೆ ಕೊಡುವುದಾಗಿ ಹೇಳಿದ್ದರು. ಪಟ್ಟಿಯ ಮೇಲಿದ್ದುದು ಆ ವಿದೇಶೀ ಸಂಸ್ಥೆಯ ಹೆಸರು. ಮಗಳ ಓದಿಗೆ ಮಾಡಿದ ಸಾಲ ಮನೆಯಲ್ಲಿತ್ತು. “ಎಲ್ಲರೂ ಮಾಡ್ತಾರಂತೆ, ಬುದ್ಧಿ. ನಾನೂ ಮಾಡಬಹುದಾ?” ಎಂದು ಕೇಳಿದರು.

ಪರರ ವ್ಯಾಪಾರ ಚಿಹ್ನೆಯನ್ನು ಸುಳ್ಳಾಗಿ ಬಳಸುವುದು ೧೯೯೯ರ ವ್ಯಾಪಾರ ಚಿಹ್ನೆಗಳ ಅಧಿನಿಯಮದಂತೆ ಶಿಕ್ಷಾರ್ಹ ಅಪರಾಧ. ಅದನ್ನು ತಿಳಿಸಿದೆವು. ಆದರೆ ಶಿಕ್ಷೆಯ ಭಯವೊಂದೇ ಉತ್ತರವಾಗಬಾರದೆಂದು, “ನಿಮ್ಮ ಮನಸ್ಸಿಗೆ ಏನು ತೋರುತ್ತದೆ, ತಾಯಿ?” ಎಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಚೀಲದ ಹಿಡಿಯನ್ನು ಸವರುತ್ತ ಕುಳಿತಿದ್ದು, “ನಾನು ಹೊಲಿದದ್ದರ ಹಿಡಿ ಕಿತ್ತರೆ ನನ್ನ ಹತ್ತಿರಕ್ಕೇ ತರ್ತಾರೆ, ಬುದ್ಧಿ. ಅವರ ಹೆಸರು ಹಾಕಿದ್ದು ಕಿತ್ತುಹೋದರೆ ಪಾಪ, ಯಾರ ಹತ್ತಿರಕ್ಕೆ ತಗೊಂಡು ಹೋಗಬೇಕು?” ಎಂದರು.

ನಾಮ ರೂಪಗಳ ವಿವೇಚನೆಯನ್ನು ನಾವು ಸಂಸ್ಕೃತ ಪಾಠಶಾಲೆಯಲ್ಲಿಯೂ ವಿಶ್ವವಿದ್ಯಾನಿಲಯದಲ್ಲಿಯೂ ಬಹುಕಾಲ ಓದಿದ್ದೇವೆ. ಹೆಸರೆಂದರೆ ಹೊಣೆ ಎಂಬುದನ್ನು ಇಷ್ಟು ನೇರವಾಗಿ ಹೇಳಿದವರು ವಿರಳ. ರೂಪವನ್ನು ನೋಡಿ ಕಲಿಯುವುದು ದೋಷವಲ್ಲ. ಗುರು ಬರೆದ ಅಕ್ಷರವನ್ನು ತಿದ್ದಿಯೇ ನಾವೆಲ್ಲರೂ ಬರೆಯಲು ಕಲಿತದ್ದು. ತಿದ್ದಿದ ಮಾತ್ರಕ್ಕೆ ಗುರುವಿನ ರುಜು ಹಾಕುವ ಅಧಿಕಾರ ಬಾರದು. ಕಲಿತವನು ಕ್ರಮೇಣ ತನ್ನದೇ ಅಕ್ಷರಕ್ಕೆ ಬರಬೇಕು. ಆ ತಾಯಿಯೂ ಹಾಗೆಯೇ ಬಂದರು. ಮಾರುವ ಚೀಲಗಳಿಗೆ ಆ ಮಾದರಿಯನ್ನು ಬಿಟ್ಟು, ರವಿಕೆ ಹೊಲಿದು ಉಳಿದ ಗುಳೇದಗುಡ್ಡದ ಖಣದ ತುಂಡುಗಳಿಂದ ಮುಚ್ಚಳ ಹೊಲಿಯುತ್ತಿದ್ದಾರೆ. ಒಳಗಿನ ಜೇಬಿನ ಅಂಚಿನಲ್ಲಿ ತಮ್ಮ ಹೆಸರಿನ ಮೊದಲಕ್ಷರವನ್ನು ದಾರದಲ್ಲಿ ಹಾಕುತ್ತಾರೆ.

ವ್ಯಾಪಾರಿ ಮತ್ತೆ ಬರಲಿಲ್ಲ. ಸಾಲವೂ ಪೂರ್ತಿ ತೀರಿಲ್ಲ. ವಾರಕ್ಕೆ ಎರಡು ಚೀಲಗಳು ಹೋದರೆ ಹೆಚ್ಚು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ನಗರಗಳಲ್ಲಿ ಅನುಕೂಲವಾಗಿದ್ದೀರಿ. ನಿಮ್ಮ ನೆರೆಹೊರೆಯಲ್ಲಿಯೂ ಇಂತಹ ತಾಯಂದಿರು ಇದ್ದಾರು. ಅವರು ಹೊಲಿದುದನ್ನು ಕೈಗೆತ್ತಿಕೊಂಡಾಗ ಒಳಮೈಯನ್ನೂ ತಿರುಗಿಸಿ ನೋಡಿ; ಹಿಡಿಯ ಬುಡ ಗಟ್ಟಿಯಾಗಿದ್ದರೆ ಬೆಲೆಯಲ್ಲಿ ಚೌಕಾಸಿ ಮಾಡಬೇಡಿ.