ಹತ್ತು ಶೇಂಗಾ

2025ರ ನವೆಂಬರ್. ಚಳ್ಳಕೆರೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಮುಂದೆ ಶಾಮಿಯಾನ. ನೀವು ಪ್ರೌಢಶಾಲೆಯ ಸಮಾಜ ವಿಜ್ಞಾನದ ಮೇಷ್ಟ್ರು. ಹಿಂದೆ, ಕಂಬಕ್ಕೆ ಒರಗಿ ನಿಂತಿದ್ದೀರಿ. ಪಕ್ಕದ ಕಣದಿಂದ ಹಸಿ ಶೇಂಗಾ ಬಳ್ಳಿಯ ವಾಸನೆ ಬರುತ್ತಿದೆ. ಮೈಕು ಕುಂಯ್ ಎಂದು ಕಿರುಚಿ ಸುಮ್ಮನಾಗುತ್ತದೆ. ಇವತ್ತು ಮಕ್ಕಳ ಗ್ರಾಮಸಭೆ.

ಮೂರನೇ ಸಾಲಿನ ಹುಡುಗಿಯ ಕೈಯಲ್ಲೊಂದು ಚೀಟಿ, ಬೆವರಿಗೆ ಮೆತ್ತಗಾಗಿದೆ. ಅದರಲ್ಲಿ ಏನಿದೆಯೆಂದು ನಿಮಗೆ ಗೊತ್ತು. ವೇದಿಕೆಯಲ್ಲಿ ಕೂತವರಿಗೆ ಗೊತ್ತಿಲ್ಲ.

ಆ ಚೀಟಿ ಹುಟ್ಟಿದ್ದು ನಿಮ್ಮ ತರಗತಿಯಲ್ಲಿ, ತೆರಿಗೆಯ ಪಾಠದ ದಿನ. "ನಾವೇನ್ ತೆರಿಗೆ ಕಟ್ತೀವಾ ಸಾರ್?" ಎಂದ ಹುಡುಗನ ಚೀಲದಿಂದಲೇ ಬಿಸ್ಕತ್ ಪೊಟ್ಟಣ ತೆಗೆಸಿದಿರಿ. ಸೆಪ್ಟೆಂಬರ್ 22ಕ್ಕೆ ಮುಂಚೆ ಅದರ ಮೇಲೆ ಶೇ 18 ಜಿಎಸ್‌ಟಿ, ಈಗ ಶೇ 5. ತಿನ್ನುವ ಬಾಯೆಲ್ಲ ತೆರಿಗೆ ಕಟ್ಟಿದ ಬಾಯಿ ಎಂದಾಗ ತರಗತಿ ನೆಟ್ಟಗೆ ಕೂತಿತು. ಆಮೇಲೆ ಗುಂಪಿಗೆ ಹತ್ತು ಶೇಂಗಾ ಹಂಚಿದಿರಿ. ಇದೇ ಊರಿನ ವರ್ಷದ ದುಡ್ಡು, ಹನ್ನೊಂದನೆಯದು ಸಿಗುವುದಿಲ್ಲ. ರಸ್ತೆ, ಬೀದಿದೀಪ, ನೀರು, ಶೌಚಾಲಯ, ಗ್ರಂಥಾಲಯ: ಎಲ್ಲಿಗೆಷ್ಟು? ಕೊರತೆ ಮತ್ತು ಆಯ್ಕೆಯ ವ್ಯಾಖ್ಯೆಯನ್ನು ಎರಡು ಅಂಕಕ್ಕೆ ಬಾಯಿಪಾಠ ಮಾಡಿಸಿದರೆ ಇದು ತಿಳಿಯುವುದಿಲ್ಲ. ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಇಡುವಾಗ ಬೆರಳು ತಡೆಯಬೇಕು. ಹುಡುಗರು ಶೌಚಾಲಯಕ್ಕೆ ಒಂದೂ ಇಡಲಿಲ್ಲ. ಹುಡುಗಿಯರು ಆರು ಇಟ್ಟರು. ಯಾಕೆಂದು ಕೇಳಿದಿರಿ. ಈ ಚೀಟಿಯ ಹುಡುಗಿ ನೆಲ ನೋಡುತ್ತ ಹೇಳಿದಳು: "ನಾವು ಮನೆಗೆ ಹೋಗೋವರ್ಗೂ ನೀರು ಕುಡಿಯಲ್ಲ ಸಾರ್. ಕುಡಿದ್ರೆ ಹೋಗ್ಬೇಕಾಗತ್ತೆ. ಅಲ್ಲಿ ನಲ್ಲೀಲಿ ನೀರು ಬರಲ್ಲ."

"ಏನಾದ್ರೂ ಕೇಳೋದಿದ್ರೆ ಕೇಳಿ ಮಕ್ಕಳೇ," ಅನ್ನುತ್ತಾರೆ ಅಧ್ಯಕ್ಷೆ. ಒಬ್ಬ ಹುಡುಗ ಆಟದ ಮೈದಾನ ಕೇಳುತ್ತಾನೆ. ಚಪ್ಪಾಳೆ. ಪಿಡಿಒ ಗಡಿಯಾರ ನೋಡಿಕೊಳ್ಳುತ್ತಾರೆ. ಆಗ ಅವಳು ಹಿಂದಿರುಗಿ ನಿಮ್ಮನ್ನು ನೋಡುತ್ತಾಳೆ.

ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ನಿನ್ನೆ ರಾತ್ರಿ ಊರಿನವರೊಬ್ಬರು ಮಾಡಿದ ಫೋನು ಕಿವಿಯಲ್ಲೇ ಇದೆ: ಅದೆಲ್ಲ ಕೇಳಿಸ್ಬೇಡಿ ಮೇಷ್ಟ್ರೇ, ಊರಿನ ಮರ್ಯಾದೆ. ನೀವು ಬೇಡವೆಂದು ಸನ್ನೆ ಮಾಡಿದರೆ ಅವಳು ಕೂತೇ ಇರುತ್ತಾಳೆ, ನೀವು ಕಲಿಸಿದ್ದೆಲ್ಲ ಪುಸ್ತಕದ ಮಾತಾಗುತ್ತದೆ. ಹೂಂ ಅಂದರೆ ಸಂಜೆ ಬೀದಿಯಲ್ಲಿ ಕುಹಕ ಕೇಳಬೇಕಾದವಳು ಅವಳು, ನೀವಲ್ಲ. ಎದೆ ಡವಗುಟ್ಟುತ್ತದೆ. ಕಂಬ ಬಿಟ್ಟು ನಡೆಯುತ್ತೀರಿ. ಅವಳ ಸಾಲಿನ ತುದಿಯಲ್ಲಿ ಹೋಗಿ ನಿಲ್ಲುತ್ತೀರಿ. ಅಷ್ಟೇ.

ಅವಳು ಏಳುತ್ತಾಳೆ. ಮೈಕು ನಡುಗುತ್ತದೆ. "ನಮ್ಮ ಸ್ಕೂಲ್ ಹೆಣ್ಮಕ್ಕಳ ಶೌಚಾಲಯಕ್ಕೆ ನೀರಿಲ್ಲ." ಹಿಂದೆ ಯಾರೋ ಕಿಸಕ್ಕೆಂದು ನಗುತ್ತಾರೆ. ಅವಳ ಕಿವಿ ಕೆಂಪಾಗುತ್ತದೆ. ಕೂತುಬಿಡುತ್ತಾಳೆಯೇ? ಇಲ್ಲ.

"ಅದು ಶಿಕ್ಷಣ ಇಲಾಖೆಗೆ ಬರತ್ತಮ್ಮಾ," ಪಿಡಿಒ ಅನ್ನುತ್ತಾರೆ.

ಚೀಟಿ ಬಿಚ್ಚಿಕೊಳ್ಳುತ್ತದೆ. "ಸಂವಿಧಾನದ 73ನೇ ತಿದ್ದುಪಡೀಲಿ ಪಂಚಾಯಿತಿಗೆ ಅಂತ 29 ವಿಷಯದ ಪಟ್ಟಿ ಇದೆ ಸಾರ್. ಕುಡಿಯೋ ನೀರು, ನೈರ್ಮಲ್ಯ, ಪ್ರೌಢಶಾಲೆ, ಮೂರೂ ಅದ್ರಲ್ಲಿದಾವೆ. 15ನೇ ಹಣಕಾಸು ಆಯೋಗದ ದುಡ್ಡಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಹಾಕ್ಬೇಕು. ಈ ಸಲದ ಕ್ರಿಯಾ ಯೋಜನೇಲಿ ನಮ್ಮ ಶಾಲೆಗೆ ಎಷ್ಟಿಟ್ಟಿದೀರಿ?"

ನಗು ನಿಂತಿದೆ. ಅಧ್ಯಕ್ಷೆ ಸೆರಗು ಸರಿಮಾಡಿಕೊಂಡು ಅವಳನ್ನೇ ನೋಡುತ್ತಾರೆ. ಅವರೂ ಇದೇ ಶಾಲೆಯಲ್ಲಿ ಓದಿದವರು. "ಬರ್ಕೊಳ್ರಿ," ಅನ್ನುತ್ತಾರೆ ಪಿಡಿಒಗೆ.

ನಡವಳಿ ಪುಸ್ತಕದ ಮೇಲೆ ಪೆನ್ನು ಓಡುತ್ತದೆ. ನೀವು ಉಸಿರು ಬಿಡುವಷ್ಟರಲ್ಲಿ ಅವಳ ದನಿ ಮತ್ತೆ: "ಏನ್ ಬರೆದ್ರಿ ಸಾರ್? ಓದಿ."

"ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು."

"ಯಾವಾಗ ಅಂತ ಇಲ್ವಲ್ಲ."

"ತಾರೀಖು ಹಾಕಿ ಸಾರ್!" ಅವಳ ಸಾಲಿನಿಂದ ಇನ್ನೊಬ್ಬಳು. ಹಿಂದಿನ ಸಾಲಿನಿಂದ ಮತ್ತಿಬ್ಬರು. ಅಧ್ಯಕ್ಷೆ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು ಹೇಳುತ್ತಾರೆ: "ಜನವರಿ 31 ಅಂತ ಹಾಕ್ರಿ. ಪೈಪ್‌ಲೈನ್ ಅಂತಾನೇ ಬರೀರಿ."