ಅಮ್ಮಾ, ನಾನು ಪಬ್ಬಿಗೆ ಹೋಗಿದ್ದೆ

(1/4)

ಮೊದಲ ಫೋಟೋ ನೋಡಿ. ದೊಡ್ಡ ಬಿಳಿ ತಟ್ಟೆ, ಹುರಿದ ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು, ಪಕ್ಕದಲ್ಲಿ ಬಟ್ಟಲಿನ ಹಾಗೆ ಉಬ್ಬಿರೋ ಯಾರ್ಕ್‌ಷೈರ್ ಪುಡಿಂಗ್. ಇದನ್ನ ಫ್ಯಾಮಿಲಿ ಗ್ರೂಪಿಗೆ ಕಳಿಸಿದಾಗ "ಸಂಡೇ ಊಟ" ಅಂತಷ್ಟೇ ಬರೆದಿದ್ದೆ. ಎಲ್ಲಿ ಅಂತ ಹೇಳಿರಲಿಲ್ಲ. ಯಾಕಂದ್ರೆ ಅದು ಪಬ್.

ನಗಬೇಡಿ. ನೀವೂ ಮನೇಲಿ ಆ ಪದ ಹೇಳಿ ನೋಡಿ, ಆಮೇಲೆ ಮಾತಾಡೋಣ.

ಕತ್ರಿಗುಪ್ಪೆಯಲ್ಲಿ ಬೆಳೆದವರಿಗೆ ಗೊತ್ತು. ಬೆಂಗಳೂರನ್ನ ಜನ "ಪಬ್ ಸಿಟಿ" ಅಂತಾರೆ, ಆದರೆ ಆ ಸಿಟಿ ನಮ್ಮ ವಾಟರ್ ಟ್ಯಾಂಕ್ ಸ್ಟಾಪಿಗೆ ಬರೋದೇ ಇಲ್ಲ. ನಮ್ಮ ಕಡೆ ಇರೋದು ಬಾರ್ ಅಂಡ್ ರೆಸ್ಟೋರೆಂಟ್. ಕಪ್ಪು ಗಾಜು, ಒಳಗೆ ಮಂದ ಬೆಳಕು, ಹೊರಗೆ "ಫ್ಯಾಮಿಲಿ ರೂಂ ಇದೆ" ಅನ್ನೋ ಬೋರ್ಡು. ನಮ್ಮ ಮನೆ ಹತ್ತಿರ ಒಂದಿದೆ. ಚಿಕ್ಕವಳಿದ್ದಾಗ ಅದು ಬರೋಕೆ ಮುಂಚೆನೇ ಅಮ್ಮ ಕೈ ಹಿಡಿದು ರಸ್ತೆಯ ಆ ಬದಿಗೆ ದಾಟಿಸ್ತಿದ್ದಳು.

ಪಬ್ ಅನ್ನೋ ಪದ ಮೊದಲು ಕೇಳಿದ್ದು ಟಿವಿಯಲ್ಲಿ. 2009ರ ಜನವರಿ 24ರಂದು ಮಂಗಳೂರಿನ ಒಂದು ಪಬ್ಬಿಗೆ ಶ್ರೀರಾಮ ಸೇನೆಯವರು ನುಗ್ಗಿ, ಅಲ್ಲಿದ್ದ ಹುಡುಗಿಯರನ್ನ ಹೊಡೆದು ಓಡಿಸಿದರು. ಆ ದೃಶ್ಯಗಳನ್ನ ದಿನಗಟ್ಟಲೆ ತೋರಿಸಿದರು. ನಾನಾಗ ಎರಡನೇ ಕ್ಲಾಸು. "ಅವರನ್ನ ಯಾಕೆ ಹೊಡೀತಿದಾರೆ?" ಅಂತ ಕೇಳಿದೆ. ಅಮ್ಮ ಚಾನೆಲ್ ಬದಲಾಯಿಸಿ, "ಅಂಥಾ ಕಡೆ ಎಲ್ಲ ಹೋಗಬಾರದು ಪುಟ್ಟಿ" ಅಂದಳು. ನಾನು ಕೇಳಿದ್ದು ಹೊಡೆದವರ ಬಗ್ಗೆ, ಉತ್ತರ ಬಂದಿದ್ದು ಹೊಡೆತ ತಿಂದವರ ಬಗ್ಗೆ. ಇದು ನನಗೆ ಹೊಳೆದದ್ದು ಎಷ್ಟೋ ವರ್ಷ ಆದಮೇಲೆ. 2018ರಲ್ಲಿ ಸಾಕ್ಷಿ ಸಾಲದೆ ಕೋರ್ಟು ಆರೋಪಿಗಳನ್ನ ಬಿಟ್ಟಿತು. ಆಗ ನಾನು ಫಸ್ಟ್ ಪಿಯುಸಿ. ನಮ್ಮ ಕ್ಲಾಸಲ್ಲಿ ಯಾರೂ ಅದರ ಬಗ್ಗೆ ಮಾತಾಡಿದ ನೆನಪಿಲ್ಲ. ನಿಮಗಿದೆಯಾ?

(2/4)

ಕೇಂಬ್ರಿಡ್ಜಲ್ಲಿ ಒಂದು ವರ್ಷ ಎಂ.ಎಸ್ಸಿ. ಮಾಡಿದೆ. (ಆ ಫೇಮಸ್ ಯೂನಿವರ್ಸಿಟಿ ಅಲ್ಲ, ಅದೇ ಊರಿನ ಇನ್ನೊಂದು. ಅಪ್ಪ ಮಾತ್ರ ನೆಂಟರಿಗೆ ಈ ವ್ಯತ್ಯಾಸ ಹೇಳಲ್ಲ.) ಅಲ್ಲಿಂದ ಕ್ಯಾಮ್ ನದಿ ಪಕ್ಕದ ಹುಲ್ಲುಗಾವಲಲ್ಲಿ ಮೂರು ಕಿಲೋಮೀಟರಿನಷ್ಟು ನಡೆದರೆ ಗ್ರ್ಯಾಂಟ್‌ಚೆಸ್ಟರ್ ಅನ್ನೋ ಹಳ್ಳಿ. ಎರಡನೇ ಫೋಟೋ ಅದೇ ದಾರಿ. ಹೌದು, ಅವು ಹಸುಗಳೇ. ನಮ್ಮ ರಿಂಗ್ ರೋಡಿನ ಹಸುಗಳಷ್ಟೇ ಧೈರ್ಯ ಅವಕ್ಕೂ, ದಾರಿ ಬಿಡಲ್ಲ.

ಆ ಭಾನುವಾರ ರೂಮ್‌ಮೇಟ್ ಜೊತೆ ಹೋಗೋದು ಅಂತ ಟೇಬಲ್ ಬುಕ್ ಮಾಡಿದ್ದೆ. ಬೆಳಿಗ್ಗೆ ಅವಳಿಗೆ ಜ್ವರ. ನಾನು ಒಬ್ಬಳೇ ಹೋದೆ. ಬಾಗಿಲ ಮುಂದೆ ಸುಮ್ಮನೆ ಐದು ನಿಮಿಷ ಬೋರ್ಡಿನ ಮೆನು ಓದ್ತಾ ನಿಂತಿದ್ದೆ. ಒಳಗೆ ಹೋಗೋಕೆ ಧೈರ್ಯ ಸಾಲಲಿಲ್ಲ. 24 ವರ್ಷ ನನಗೆ!

ಒಳಗೆ ಮರದ ತೊಲೆ, ತಗ್ಗಾದ ಚಾವಣಿ, ಒಲೆಯಲ್ಲಿ ಬೆಂಕಿ. ಒಂದು ಮಗು ನೆಲದ ಮೇಲೆ ಕೂತು ಬಣ್ಣ ಹಚ್ತಿತ್ತು. ನನ್ನ ಪಕ್ಕದ ಟೇಬಲಲ್ಲಿ ನಮ್ಮಜ್ಜಿ ವಯಸ್ಸಿನವರೊಬ್ಬರು, ಒಬ್ಬರೇ. ಮುಂದೆ ಅರ್ಧ ಗ್ಲಾಸ್ ಬಿಯರು, ಪೇಪರಿನ ಪದಬಂಧ, ಕಾಲ ಕೆಳಗೆ ಮಲಗಿದ ನಾಯಿ. ಅವರು ನನ್ನ ನೋಡಿ ತಲೆ ಆಡಿಸಿ ಮತ್ತೆ ಪದಬಂಧಕ್ಕೆ ಹೋದರು. ಬೇರೆ ಯಾರೂ ತಿರುಗಿ ಸಹ ನೋಡಲಿಲ್ಲ. ಗುರಾಣಿ ಥರ ಹಿಡ್ಕೊಂಡಿದ್ದ ಫೋನನ್ನ ಬ್ಯಾಗಿಗೆ ಹಾಕಿದೆ.

ಊಟದ ವಿಷಯಕ್ಕೆ ಬರ್ತೀನಿ. ಅಲ್ಲಿ ಭಾನುವಾರ ಮಧ್ಯಾಹ್ನ ಅಂದ್ರೆ ರೋಸ್ಟ್. ಉಳಿದವರಿಗೆ ಮಾಂಸ, ನಮ್ಮಂಥ ಪುಳಿಚಾರಿಗೆ ನಟ್ ರೋಸ್ಟ್, ಅಂದ್ರೆ ಬೀಜಗಳು, ತರಕಾರಿ, ಬ್ರೆಡ್ಡು ಕಲಸಿ ಬೇಯಿಸಿದ ಒಂದು ಇಟ್ಟಿಗೆ. ಯಾರ್ಕ್‌ಷೈರ್ ಪುಡಿಂಗ್ ಸಿಹಿ ಅಲ್ಲ. ಮೈದಾ, ಹಾಲು, ಮೊಟ್ಟೆಯ ಹಿಟ್ಟನ್ನ ಹೊಗೆಯಾಡೋ ಎಣ್ಣೆಗೆ ಹುಯ್ದು ಓವನ್ನಲ್ಲಿಟ್ಟರೆ ಉಬ್ಬುತ್ತೆ. ದೊಡ್ಡ ಪಡ್ಡು ಅಂದ್ಕೊಳ್ಳಿ, ಒಳಗೆ ಟೊಳ್ಳು. (ನಾನು ಮೊಟ್ಟೆ ತಿನ್ನೋದು ಮನೇಲಿ ಗೊತ್ತು. ಅಡುಗೆಮನೆಗೆ ಮಾತ್ರ ಬರಬಾರದು.) ಹಿಂದೆ ಇದನ್ನ ಮೊದಲೇ ಬಡಿಸಿ ಹೊಟ್ಟೆ ತುಂಬಿಸ್ತಿದ್ದರಂತೆ, ದುಬಾರಿ ಮಾಂಸ ಕಮ್ಮಿ ಖರ್ಚಾಗಲಿ ಅಂತ. ಬಡತನದ ಲೆಕ್ಕ ಎಲ್ಲಾ ಊರಲ್ಲೂ ಒಂದೇ.

ಖಾರ ಇಲ್ಲ. ಗ್ರೇವಿ ಅಂದ್ರೆ ಒಗ್ಗರಣೆ ಮರೆತ ಸಾರು. ಆದರೆ ಅವರ ಸಾಸಿವೆ ಇದೆಯಲ್ಲ, ಮೂಗಿಗೆ ಏರಿ ಕಣ್ಣಲ್ಲಿ ನೀರು ತರಿಸ್ತು. ಕೊನೆಗೆ ಖರ್ಜೂರದ ಕೇಕಿನ ಮೇಲೆ ಬಿಸಿ ಟಾಫಿ ಸಾಸ್. ಅದಕ್ಕೆ ನಾನು ಏನೂ ಅನ್ನಲ್ಲ, ಬಟ್ಟಲು ಬಳಿದು ತಿಂದೆ. ರೋಸ್ಟಿಗೇ 19 ಪೌಂಡ್, ಹತ್ತಿರ ಹತ್ತಿರ ಎರಡು ಸಾವಿರ ರೂಪಾಯಿ. ಆ ವಾರ ಪೂರ್ತಿ ರೂಮಲ್ಲಿ ಅವಲಕ್ಕಿ ಮೊಸರು.

(3/4)

ಇಂಥ, ಊಟಕ್ಕೇ ಹೆಸರಾದ ಪಬ್ಬಿಗೆ ಗ್ಯಾಸ್ಟ್ರೋಪಬ್ ಅಂತಾರೆ. ಪಬ್ ಅಂದ್ರೆ "ಪಬ್ಲಿಕ್ ಹೌಸ್", ಎಲ್ಲರ ಮನೆ. ಇಷ್ಟು ಓದಿ "ನೋಡಿ, ಇಂಗ್ಲೆಂಡ್ ಎಷ್ಟು ಮುಂದಿದೆ" ಅಂತ ನಾನು ಭಾಷಣ ಹೊಡೀತೀನಿ ಅಂದ್ಕೊಂಡ್ರೆ ತಪ್ಪು. ಅಲ್ಲೂ ಆ ಮನೆ ಎಲ್ಲರದ್ದಾಗಿರಲಿಲ್ಲ.

ಲಂಡನ್ನಿನ ಫ್ಲೀಟ್ ಸ್ಟ್ರೀಟಲ್ಲಿ, ಪತ್ರಕರ್ತರು, ವಕೀಲರು ಸೇರ್ತಿದ್ದ ಎಲ್ ವಿನೋ ಅನ್ನೋ ಬಾರ್ ಇತ್ತು. ಅಲ್ಲಿ ಗಂಡಸರು ಕೌಂಟರ್ ಮುಂದೆ ನಿಂತು ಕುಡೀಬಹುದಿತ್ತು. ಹೆಂಗಸರು ಹಿಂದಿನ ರೂಮಿನ ಟೇಬಲಿಗೆ ಹೋಗಿ ಕೂರಬೇಕಿತ್ತು. ಅವರ ಫ್ಯಾಮಿಲಿ ರೂಂ ಅನ್ನಿ! ಟೆಸ್ ಗಿಲ್ ಅನ್ನೋ ವಕೀಲೆ, ಆನಾ ಕೂಟ್ ಅನ್ನೋ ಪತ್ರಕರ್ತೆ ಕೇಸ್ ಹಾಕಿದರು. ಗೆದ್ದಿದ್ದು 1982ರಲ್ಲಿ. ನಮ್ಮಮ್ಮ ಆಗಲೇ ಸ್ಕೂಲಿಗೆ ಹೋಗ್ತಿದ್ದಳು. ಅಷ್ಟು ಇತ್ತೀಚಿನ ಮಾತು.

ಬಾಗಿಲನ್ನ ಇನ್ನಷ್ಟು ತೆಗೆದಿದ್ದು ಅಡುಗೆಮನೆ. 1989ರಲ್ಲಿ, 2000ಕ್ಕಿಂತ ಹೆಚ್ಚು ಪಬ್ ಇಟ್ಕೊಂಡಿದ್ದ ಬಿಯರ್ ಕಂಪನಿಗಳ ಹಿಡಿತ ಸಡಿಲ ಮಾಡೋ ನಿಯಮ ಬಂತು. ಎಷ್ಟೋ ಪಬ್‌ಗಳು ಮಾರಾಟಕ್ಕೆ, ಲೀಸಿಗೆ ಬಂದವು. ಹಾಗೆ 1991ರಲ್ಲಿ ಡೇವಿಡ್ ಐರ್, ಮೈಕ್ ಬೆಲ್ಬೆನ್ ಅನ್ನೋ ಇಬ್ಬರು ಲಂಡನ್ನಿನ ಫ್ಯಾರಿಂಗ್ಡನ್ನಲ್ಲಿ ದಿ ಈಗಲ್ ಪಬ್ ಹಿಡಿದು, ಕೌಂಟರ್ ಹಿಂದೆಯೇ ಒಲೆ ಹಚ್ಚಿದರು. ಗ್ಯಾಸ್ಟ್ರೋಪಬ್ ಅನ್ನೋ ಹೆಸರು ಅಂಟಿದ್ದು ಅದಕ್ಕೇ. 2001ರಲ್ಲಿ ಟಿಟ್ಲಿ ಅನ್ನೋ ಹಳ್ಳಿಯ ಸ್ಟ್ಯಾಗ್ ಇನ್‌ಗೆ ಮಿಶೆಲಿನ್ ಸ್ಟಾರ್ ಸಿಕ್ಕಿತು, ಪಬ್ ಒಂದಕ್ಕೆ ಅದೇ ಮೊದಲು. 2007ರಲ್ಲಿ ಒಳಗೆ ಸಿಗರೇಟು ಬಂದ್ ಆಯ್ತು. ಹೊಗೆ ಹೋಯ್ತು, ಮಕ್ಕಳು, ಅಜ್ಜಿಯರು ಬಂದರು. ಇದರಲ್ಲೂ ಒಂದು ಹುಳುಕಿದೆ. ಊಟ ಬಂದಮೇಲೆ ರೇಟೂ ಏರಿತು. ಸಂಜೆ ಒಂದು ಗ್ಲಾಸ್ ಹಿಡಿದು ಕೂರ್ತಿದ್ದ ಹಳ್ಳಿಯವರಿಗೆ ತಮ್ಮ ಜಾಗವೇ ದುಬಾರಿ ಆಯ್ತು.

ಈಗ ನಮ್ಮ ಕಡೆ ನೋಡಿ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯ್ತು. ನಿಂತು ತಿನ್ನೋದು, ಕೌಂಟರಲ್ಲೇ ಟೋಕನ್, ಎದುರಿಗೇ ಕಾಣೋ ಅಡುಗೆ, ಕಮ್ಮಿ ರೇಟು. ನನ್ನ ಮಟ್ಟಿಗೆ ನಮ್ಮ ಪಬ್ಲಿಕ್ ಹೌಸ್ ಅಂದ್ರೆ ದರ್ಶಿನಿ. ಆಟೋದವರು, ಟ್ಯೂಷನ್ ಹುಡುಗರು, ಬ್ಯಾಂಕ್ ಮೇಡಂ ಎಲ್ಲರೂ ಒಂದೇ ಕಲ್ಲಿನ ಕಟ್ಟೆಗೆ ತಟ್ಟೆ ಇಟ್ಟು ತಿಂತಾರೆ. ಒಂದೇ ಕೊರತೆ. ಕೂರೋ ಹಾಗಿಲ್ಲ. ಹತ್ತು ನಿಮಿಷ, ಕಾಫಿ ಮುಗೀತು, ನಡೀರಿ.

(4/4)

ಎರಡು ವಾರ ಆದಮೇಲೆ ವಿಡಿಯೋ ಕಾಲಲ್ಲಿ ಹೇಳಿಬಿಟ್ಟೆ. "ಅಮ್ಮಾ, ಆ ಸಂಡೇ ಊಟ ಇತ್ತಲ್ಲ, ಅದು ಪಬ್ಬಲ್ಲಿ."

ಅಮ್ಮ ಬೀನ್ಸ್ ಹೆಚ್ತಿದ್ದಳು. ಚಾಕು ನಿಂತಿತು. ಬೈಗುಳಕ್ಕೆ ರೆಡಿ ಆದೆ.

"ಒಬ್ಬಳೇ ಕೂತು ತಿಂದ್ಯಾ?"

"ಹೂಂ."

"ಯಾರೂ ಏನೂ ಅನ್ನಲಿಲ್ವಾ?"

ಕುಡಿದ್ಯಾ ಅಂತ ಕೇಳಲೇ ಇಲ್ಲ. (ಕುಡಿದಿದ್ದು ಆಪಲ್ ಜ್ಯೂಸ್, ಬೇಕಾದ್ರೆ ನಂಬಿ.) ಆ ಅಜ್ಜಿಯ ಬಗ್ಗೆ, ನಾಯಿ ಬಗ್ಗೆ, ಪದಬಂಧದ ಬಗ್ಗೆ ಎಲ್ಲಾ ಹೇಳಿಸಿಕೊಂಡಳು. ಆಮೇಲೆ ಅಂದಳು, "ಮದುವೆ ಆದಮೇಲೆ ನಾನು ಒಬ್ಬಳೇ ಹೋಟೆಲಿಗೆ ಹೋಗಿದ್ದೇ ಇಲ್ಲ ಕಣೇ. ತರಕಾರಿ ತರೋವಾಗ ದಿನಾ ಕಾಫಿ ವಾಸನೆ ಬರುತ್ತೆ. ಮನೆಗೆ ಬಂದು ನಾನೇ ಮಾಡ್ಕೋತೀನಿ."

ಇಷ್ಟು ವರ್ಷ ಪಬ್ ಅನ್ನೋ ಪದಕ್ಕೆ ನಾನು ಹೆದರಿದ್ದೆ. ನಮ್ಮಮ್ಮನಿಗೆ ರಸ್ತೆ ತಿರುವಿನ ದರ್ಶಿನಿಯೇ ಅಷ್ಟು ದೂರ ಇತ್ತು. ಅಲ್ಲಿ ಯಾರೂ ಅವಳನ್ನ ತಡೆದಿರಲಿಲ್ಲ, ಬೋರ್ಡೂ ಇರಲಿಲ್ಲ. ಆದರೂ ಹೋಗಿರಲಿಲ್ಲ.

ಕೊನೆಯ ಫೋಟೋ ಅಮ್ಮ ಕಳಿಸಿದ್ದು, ಅದೇ ತಿಂಗಳು. ಸ್ಟೀಲ್ ತಟ್ಟೆಯಲ್ಲಿ ಅರ್ಧ ಮಸಾಲೆ ದೋಸೆ, ಪಕ್ಕದಲ್ಲಿ ತರಕಾರಿ ಚೀಲ, ಫೋಕಸ್ ಪೂರ್ತಿ ಚೀಲದ ಮೇಲೆ. ಇನ್ನರ್ಧ ಎಲ್ಲಿ ಅಂದ್ರೆ, "ನಿಮ್ಮಪ್ಪಂಗೆ ಪಾರ್ಸಲ್." ಅಷ್ಟಕ್ಕೇ ಸಮಾಧಾನ ಮಾಡ್ಕೊಂಡೆ.

ಈಗ ವಾಪಸ್ ಬಂದಿದೀನಿ. ಮೊನ್ನೆ ಸಂಜೆ ಇಬ್ಬರೂ ನಡೀತಾ ಆ ಬಾರ್ ಹತ್ತಿರ ಬಂದ್ವಿ. ಅಭ್ಯಾಸಬಲ, ಇಬ್ಬರೂ ರಸ್ತೆ ದಾಟಿದ್ವಿ. ಆ ಬದಿಯಿಂದ ಅಮ್ಮ ಬೋರ್ಡು ಓದಿ ಕೇಳಿದಳು, "ಫ್ಯಾಮಿಲಿ ರೂಂ ಅಂದ್ರೆ, ನಾನೊಬ್ಬಳೇ ಹೋದ್ರೆ ಆಗಲ್ವೇನೆ?"

ನನಗೆ ಉತ್ತರ ಗೊತ್ತಿರಲಿಲ್ಲ. ನೀವು ಹೇಳಿ. ಬನಶಂಕರಿ, ಜಯನಗರ, ಜೆ.ಪಿ. ನಗರದಲ್ಲಿ ಒಬ್ಬಳು ಹೆಂಗಸು ಇನ್ನೂರು ರೂಪಾಯಿ ಒಳಗೆ, ಯಾರ ಕಾಟವೂ ಇಲ್ಲದೆ, ಒಂದು ಗಂಟೆ ಸುಮ್ಮನೆ ಕೂತು ತಿನ್ನೋ ಜಾಗ ಎಲ್ಲಿದೆ? ಕಾಮೆಂಟಲ್ಲಿ ಹಾಕಿ. ಲಿಸ್ಟ್ ಅಮ್ಮನಿಗೆ.

#ಕತ್ರಿಗುಪ್ಪೆ #ಒಬ್ಬಳೇಊಟ #ಅಮ್ಮನಲಿಸ್ಟ್