ಎಕ್ಸ್‌ಪಿಯೂ ಎಲೆಅಡಿಕೆಯೂ

ಕಂಪ್ಯೂಟರಿನಲ್ಲಿ ಹಾಡು ಕಟ್ಟುವ ತಂತ್ರಾಂಶವನ್ನು ಒಂದು ವಾದ್ಯವೆಂದು ಕರೆಯುವುದು ವಾಡಿಕೆಯಾಗಿದ್ದರೂ, ಅದರ ಬಾಳಿಗೂ ಹಾರ್ಮೋನಿಯಂ ಅಥವಾ ತಮಟೆಯ ಬಾಳಿಗೂ ಹೋಲಿಕೆ ಕಡಿಮೆ. ಇಪ್ಪತ್ತು ವರ್ಷ ಅಟ್ಟದ ಮೇಲಿದ್ದ ಹಾರ್ಮೋನಿಯಂ ಧೂಳು ಒರೆಸಿ ತಿದಿ ಒತ್ತಿದರೆ, ಒಂದೆರಡು ಸ್ವರಗಳು ಮುನಿಸಿಕೊಂಡಿದ್ದರೂ, ನುಡಿಯುತ್ತದೆ. ತಮಟೆಗೆ ಸ್ವಲ್ಪ ಬೆಂಕಿಯ ಕಾವು ತೋರಿಸಿದರೆ ಸಾಕು. ತಂತ್ರಾಂಶವಾದರೋ ಕಾರ್ಯಾಚರಣ ವ್ಯವಸ್ಥೆಯನ್ನು, ಎಂದರೆ ಯಂತ್ರದ ಡಿಸ್ಕು, ಪರದೆ, ಕೀಲಿಮಣೆಗಳನ್ನೆಲ್ಲ ನಡೆಸುವ ವಿಂಡೋಸ್‌ನಂಥ ಮೂಲ ತಂತ್ರಾಂಶವನ್ನು ನೆಚ್ಚಿಕೊಂಡಿರುತ್ತದೆ. ಆ ವ್ಯವಸ್ಥೆಯು ಸೌಂಡ್ ಕಾರ್ಡಿನೊಡನೆ ಮಾತಾಡಲು ಡ್ರೈವರ್ ಎಂಬ ದುಭಾಷಿಯನ್ನು ನೆಚ್ಚಿಕೊಂಡಿರುತ್ತದೆ. ದುಭಾಷಿಗೆ ತನ್ನ ಕಾಲದ ಒಂದೆರಡು ಭಾಷೆಗಳ ಹೊರತು ಬೇರೇನೂ ಬಾರದು. ಆದ್ದರಿಂದ ಹಳೆಯ ತಂತ್ರಾಂಶವೊಂದನ್ನು ಮತ್ತೆ ಇನ್‌ಸ್ಟಾಲ್ ಮಾಡುವುದೆಂದರೆ ಅದರ ಜೊತೆಗೆ ಒಂದು ಕಾಲದ ಸಂಸಾರವನ್ನೇ ಮತ್ತೆ ಹೂಡಬೇಕಾಗುತ್ತದೆ.

ಇಲ್ಲಿ ಪ್ರಸ್ತುತವಾದ ತಂತ್ರಾಂಶ ಕೂಲ್ ಎಡಿಟ್ ಪ್ರೊ. ಅಮೆರಿಕದ ಅರಿಜೋನಾದಲ್ಲಿದ್ದ ಸಿಂಟ್ರಿಲಿಯಂ ಎಂಬ ಪುಟ್ಟ ಸಂಸ್ಥೆ ಇದನ್ನು ರೂಪಿಸಿತು. ಅದರ ಅಣ್ಣನಂತಿದ್ದ ಕೂಲ್ ಎಡಿಟ್ 96, ಹಣ ಕಟ್ಟದವರು ತೆರೆದಾಗಲೆಲ್ಲ, ಆ ಹೊತ್ತಿಗೆ ಯಾವ ಎರಡು ಬಗೆಯ ಸೌಲಭ್ಯ ಬೇಕೆಂದು ಕೇಳಿ, ಅಷ್ಟನ್ನೇ ಕೊಟ್ಟು ಉಳಿದವನ್ನು ಬೀಗ ಹಾಕಿಡುತ್ತಿತ್ತು. ಹಿಂದಿನ ಕಾಲದ ಅಂಗಡಿಯವರ ಉದ್ದರಿ ಕೊಡುವ ಬಗೆಯಂತೆ ಇದರಲ್ಲೊಂದು ನಂಬಿಕೆಯೂ ಒಂದು ಬಿಗಿಯೂ ಕೂಡಿದ್ದವು. 2003ರಲ್ಲಿ ಅಡೋಬಿ ಸಂಸ್ಥೆ 1.65 ಕೋಟಿ ಡಾಲರಿಗೆ ಕೂಲ್ ಎಡಿಟ್ ಪ್ರೊವನ್ನು ಕೊಂಡು ಆಡಿಶನ್ ಎಂದು ಹೆಸರಿಟ್ಟಿತು. ಅದೇ ವಂಶದ, 2011ರಲ್ಲಿ ಬಂದ ಆವೃತ್ತಿಯು ಕೂಲ್ ಎಡಿಟ್ ಕಾಲದ ಸೆಷನ್ ಕಡತಗಳನ್ನು ಸೀದಾ ತೆರೆಯುವುದನ್ನು ಕೈಬಿಟ್ಟಿತು. ಮೊಮ್ಮಗನಿಗೆ ಅಜ್ಜನ ಕೈಬರಹ ತಿಳಿಯದೆ ಹೋಗುವುದು ಮನೆಮನೆಯಲ್ಲೂ ಇರುವುದೇ ಆದರೂ, ಇಲ್ಲಿ ಅದಕ್ಕೆ ಎಂಟೇ ವರ್ಷ ಸಾಕಾಯಿತು.

ಹೆಗ್ಗಡದೇವನಕೋಟೆಯಿಂದ ಮಾನಂದವಾಡಿಯ ಕಡೆಗೆ ಸಾಗುವ ರಸ್ತೆಯಲ್ಲಿ, ಒಂದು ಮಗ್ಗುಲಿಗೆ ಕಬಿನಿಯ ಹಿನ್ನೀರನ್ನೂ ಇನ್ನೊಂದು ಮಗ್ಗುಲಿಗೆ ನಾಗರಹೊಳೆಯ ಕಾಡನ್ನೂ ಇಟ್ಟುಕೊಂಡಿರುವ ಅಂತರಸಂತೆಗೆ ಈ ತಂತ್ರಾಂಶ ಬಂದದ್ದು ಈ ಪ್ರಬಂಧದ ಲೇಖಕನ ಮನೆಯ ಮೂಲಕ. ಸರಗೂರಿನಲ್ಲಿ ಜನಧ್ವನಿ ಎಂಬ ಸಮುದಾಯ ಬಾನುಲಿ ಶುರುವಾದದ್ದು 2012ರಲ್ಲಿ. ಅದಕ್ಕೆ ಎಂಟು ವರ್ಷ ಮೊದಲು, 2004ರ ಮಳೆಗಾಲದಲ್ಲಿ, ಹಾಡು ಹಿಡಿದಿಡಬೇಕೆನಿಸಿದವರಿಗೆ ಮೈಸೂರಿನ ಬಸ್ಸು ಹತ್ತುವುದು ಇಲ್ಲವೆ ಮನೆಯಲ್ಲೇ ಏನಾದರೂ ಹೂಡಿಕೊಳ್ಳುವುದು, ಎರಡೇ ದಾರಿ. ಲೇಖಕನೂ ಅವನ ಇಬ್ಬರು ಗೆಳೆಯರೂ ಎರಡನೆಯದನ್ನು ಆರಿಸಿಕೊಂಡು, ರಾಗಿ ಮೂಟೆಗಳನ್ನು ಒಟ್ಟಿದ್ದ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡರು. ರಾಗಿ ಮೂಟೆಗಳು ಪ್ರತಿಧ್ವನಿಯನ್ನು ಹೀರಿಕೊಳ್ಳುವಷ್ಟು ಚೆನ್ನಾಗಿ, ಪೇಟೆಯಲ್ಲಿ ಚದರಡಿಯ ಲೆಕ್ಕದಲ್ಲಿ ಮಾರುವ ಸ್ಪಂಜಿನ ಹಲಗೆಗಳೂ ಹೀರಿಕೊಳ್ಳಲಾರವೆಂಬುದು ಲೇಖಕನ ದೃಢವಾದ, ಪರೀಕ್ಷಿಸದ ಅಭಿಪ್ರಾಯ.

ಹಾಡಿದವರು ಲೇಖಕನ ದೊಡ್ಡಮ್ಮ. ಹಾಡಿದ್ದು ಮದುವೆ ಮನೆಯ ಸೋಬಾನೆ ಪದಗಳು. ತೊಡಕೆಂದರೆ, ಮೊದಲ ನುಡಿಯಿಂದ ಕೊನೆಯ ನುಡಿಗೆ ಬರುವಷ್ಟರಲ್ಲಿ ದೊಡ್ಡಮ್ಮನ ಶ್ರುತಿ ಮೆಲ್ಲಗೆ ಮೇಲೇರುತ್ತಿತ್ತು. ಜೊತೆಗೆ ಹಾಡುವ ಹೆಂಗಸರಿದ್ದರೆ ಎಲ್ಲರೂ ಒಟ್ಟಿಗೆ ಏರುತ್ತಾರೆ, ಕೀಬೋರ್ಡು ಏರುವುದಿಲ್ಲ. ಕೀಬೋರ್ಡು ಬೇಕೇ ಬೇಕೆಂದು ಹಟ ಹಿಡಿದಿದ್ದ ಹುಡುಗರು ಒಂದೊಂದು ನುಡಿಯನ್ನೂ ಬೇರೆಬೇರೆಯಾಗಿ ಹಾಡಿಸಿ, 41 ತುಂಡುಗಳನ್ನು ಸಾಲಾಗಿ ಜೋಡಿಸಿ, ಅವುಗಳ ಕೆಳಗೆ ಪಿಟೀಲಿನಂತೆ ಕೇಳಿಸುವ ಆದರೆ ಪಿಟೀಲಲ್ಲದ ಸದ್ದೊಂದನ್ನು ಹಾಸಿದರು. ಈಗ ಕಿವಿ ಮಾಗಿದ ಮೇಲೆ ಆ ಹಾಸನ್ನು ಕಿತ್ತುಹಾಕಬೇಕೆನಿಸಿದೆ. ಮುಂದಿನ ಇಡೀ ಸಾಹಸದ ಉದ್ದೇಶ ಇಷ್ಟೇ.

ಧ್ವನಿಯ ಕಡತಕ್ಕೂ ಸೆಷನ್ ಕಡತಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ಸೆಕೆಂಡಿಗೆ 44,100 ಸಲ ಅಳೆದು ಬರೆದಿಟ್ಟ ದನಿ ವೇವ್ ಕಡತದಲ್ಲಿರುತ್ತದೆ. ಒಂಟಿ ದನಿಗಾದರೆ ನಿಮಿಷಕ್ಕೆ ಸುಮಾರು 5 ಎಂಬಿ ಹಿಡಿಯುವ ಈ ಕಡತವನ್ನು ಇಂದಿನ ಮೊಬೈಲೂ ನುಡಿಸಬಲ್ಲದು. ಸೆಷನ್ ಕಡತದಲ್ಲಾದರೋ ದನಿಯೇ ಇರುವುದಿಲ್ಲ. ಯಾವ ತುಂಡು ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು, ಎಷ್ಟು ಜೋರಾಗಿರಬೇಕು ಎಂಬ ಅಪ್ಪಣೆಗಳೂ, ಆ ತುಂಡುಗಳು ಡಿಸ್ಕಿನ ಯಾವ ಜಾಗದಲ್ಲಿವೆ ಎಂಬ ವಿಳಾಸಗಳೂ ಮಾತ್ರ ಇರುತ್ತವೆ. ಮದುವೆ ಮನೆಯ ಪಟ್ಟಿಯಲ್ಲಿ ಅಡುಗೆಯ ರುಚಿ ಇರುವುದಿಲ್ಲವಷ್ಟೆ. ಆದರೆ ಪಟ್ಟಿ ಕಳೆದುಹೋದರೆ 41 ತುಂಡುಗಳಲ್ಲಿ ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನು ಹೇಳಬಲ್ಲವರು ದೊಡ್ಡಮ್ಮ ಒಬ್ಬರೇ ಇದ್ದರು, ಅವರೂ ಈಗಿಲ್ಲ.

ಹಳೆಯ ಯಂತ್ರದ ಮದರ್‌ಬೋರ್ಡಿನ ಕೆಪಾಸಿಟರುಗಳು, ಆ ಕಾಲದ ಎಷ್ಟೋ ಬೋರ್ಡುಗಳಲ್ಲಿ ಆದಂತೆ, ನೆತ್ತಿ ಉಬ್ಬಿ ಸೋರಿ ಸತ್ತಿದ್ದವು. ಡಿಸ್ಕು ಮಾತ್ರ ಬದುಕಿತ್ತು. ಮನೆಯ ಹೊಸ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಬಾಯಿಯೂ ಇಲ್ಲ, ಹಳೆಯ ಡಿಸ್ಕಿನ ಅಗಲ ಪಟ್ಟಿಯಂಥ ಐಡಿಇ ಕೇಬಲನ್ನು ಚುಚ್ಚುವ ಜಾಗವೂ ಇಲ್ಲ. ಕೊನೆಗೆ ಮೈಸೂರಿನಲ್ಲಿ ಎರಡನೇ ಕೈಯ ಯಂತ್ರವೊಂದು ಸಿಕ್ಕಿತು. ಅದರ ರೂಪಾಯಿ ಬಿಲ್ಲೆಯಂಥ ಸೆಲ್ ಖಾಲಿಯಾಗಿದ್ದರಿಂದ, ಪ್ಲಗ್ ಹಾಕಿದಾಗಲೆಲ್ಲ ಅದು 2009ರ ಜನವರಿ 1 ಎಂದೇ ನಂಬಿ ಏಳುತ್ತಿತ್ತು.

ಆ ಯಂತ್ರದ ಮೇಲೆ ಮೊದಲು ಹೂಡಬೇಕಿದ್ದ ಹಳೆಯ ವ್ಯವಸ್ಥೆ ವಿಂಡೋಸ್ ಎಕ್ಸ್‌ಪಿ; ಅದು 2001ರ ಅಕ್ಟೋಬರ್ 25ರಂದು ಮಾರುಕಟ್ಟೆಗೆ ಬಂದದ್ದು. 2014ರ ಏಪ್ರಿಲ್ 8ರಂದು ತಯಾರಕರು ಅದರ ಆರೈಕೆಯನ್ನು ನಿಲ್ಲಿಸಿದರು. ಅದನ್ನು ಸ್ವಲ್ಪ ಈಚಿನ ಯಂತ್ರದ ಮೇಲೆ ಹಾಕಹೊರಟವರಿಗೆ ಮೊದಲು ಎದುರಾಗುವುದು 7ಬಿ ಎಂಬ ಅಂಕಿಯಲ್ಲಿ ಮುಗಿಯುವ ನೀಲಿ ಪರದೆ. ಸಾಟಾ ಎಂಬ ತೆಳು ಕೇಬಲಿನ ಡಿಸ್ಕುಗಳೊಡನೆ ಹೊಸ ರೀತಿಯಲ್ಲಿ ಮಾತಾಡಲು ಬೇಕಾದ ದುಭಾಷಿ ಎಕ್ಸ್‌ಪಿಯ ಸಿಡಿಯಲ್ಲಿಲ್ಲ. ಸರಿಯಾದ ಹೊತ್ತಿಗೆ ಎಫ್6 ಒತ್ತಿ ಅದನ್ನು ಫ್ಲಾಪಿಯಲ್ಲಿ ಕೊಡಿರೆಂದು ಅದು ಕೇಳುತ್ತದೆ. ಫ್ಲಾಪಿಯನ್ನು ಎಲ್ಲಿಂದ ತರುವುದು? ಉಪಾಯವೆಂದರೆ ಯಂತ್ರ ಏಳುವಾಗ ಬಯಾಸ್ ಎಂಬ ಅದರ ಹುಟ್ಟುಬುದ್ಧಿಯೊಳಗೆ ಹೋಗಿ, ಸಾಟಾ ಡಿಸ್ಕನ್ನು ಹಳೆಯ ಐಡಿಇ ಡಿಸ್ಕಿನಂತೆ ನಟಿಸಲು ಹೇಳುವುದು. ಹೇಳಿದಂತೆ ಅದು ನಟಿಸಿತು. ಬಳಿಕ ಎಕ್ಸ್‌ಪಿ 25 ಅಕ್ಷರಗಳ ಕೀಲಿಪದವನ್ನು ಕೇಳಿತು. 1940ರಿಂದ 1971ರವರೆಗೆ ಅಖಿಲ ಭಾರತ ಬಾನುಲಿಯಲ್ಲಿ ಹಾರ್ಮೋನಿಯಂಗೆ ಬಹಿಷ್ಕಾರವಿತ್ತೆಂಬುದು ನಿಜ. ಆದರೂ ಅದನ್ನು ಮನೆಯಲ್ಲಿ ನುಡಿಸುವವರನ್ನು ಕೀಲಿಪದ ಕೇಳಿದವರಿಲ್ಲ.

ಕೆಲಸ ಮುಗಿಯಲು ಇನ್ನು ಸುಮಾರು 39 ನಿಮಿಷ ಬೇಕೆಂದು ಎಕ್ಸ್‌ಪಿ ಪರದೆಯ ಎಡಗಡೆ ತೋರಿಸುವುದು ಅದನ್ನು ಹಾಕಿದವರೆಲ್ಲರಿಗೂ ನೆನಪಿರುತ್ತದೆ. ಅಂತರಸಂತೆಯಲ್ಲಿ ಆ 39 ನಿಮಿಷ ಎರಡು ಸಂಜೆಗಳನ್ನು ತಿಂದಿತು. ಮೊದಲ ಸಂಜೆ, ಇನ್ನು ಒಂಬತ್ತು ನಿಮಿಷ ಇರುವಾಗ, ಕರೆಂಟು ಹೋಯಿತು.

ಎರಡನೆಯ ಸಂಜೆ ಎಲ್ಲವೂ ಕೂತ ಮೇಲೆ ಸೆಷನ್ ಕಡತ ತೆರೆದರೆ, ಸಾಲುಗಳು ಇದ್ದವು, ದನಿ ಇರಲಿಲ್ಲ. ಅಂದು ಡಿ ಎಂಬ ಅಕ್ಷರದಲ್ಲಿದ್ದ ಹಳೆಯ ಡಿಸ್ಕಿಗೆ ಹೊಸ ಮನೆಯಲ್ಲಿ ಎಫ್ ಎಂಬ ಅಕ್ಷರ ಸಿಕ್ಕಿತ್ತು. ಕಡತವಾದರೋ ಹಳೆಯ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟಿ ವಾಪಸಾಗುತ್ತಿತ್ತು. ಡಿಸ್ಕಿನ ಅಕ್ಷರವನ್ನು ಮತ್ತೆ ಡಿ ಎಂದು ಬದಲಿಸಿದ ಕೂಡಲೇ ಕಪ್ಪು ಪರದೆಯ ಮೇಲೆ 41 ತುಂಡುಗಳ ಹಸಿರು ಅಲೆಗಳು ಒಂದೊಂದಾಗಿ ಮೂಡಿದವು. ಪಿಟೀಲಲ್ಲದ ಪಿಟೀಲಿನ ಸಾಲನ್ನು ಒಂದು ಗುಂಡಿ ಒತ್ತಿ ಮೌನವಾಗಿಸಲಾಯಿತು.

ಇಂಥ ತಂತ್ರಾಂಶದ ಒಂದು ಗುಣವನ್ನು ಹುಡುಗರು ಅಂದು ಬಳಸಿದ್ದರೇ ಹೊರತು ಗಮನಿಸಿರಲಿಲ್ಲ. ಅನೇಕ ಸಾಲುಗಳನ್ನು ಜೋಡಿಸುವ ಪರದೆಯಲ್ಲಿ ತುಂಡಿನ ಅಂಚನ್ನು ಕತ್ತರಿಸಿದರೆ ದನಿ ಅಳಿಯುವುದಿಲ್ಲ, ಸೀರೆಯ ಅಂಚನ್ನು ಒಳಗೆ ಮಡಚಿ ಹೊಲಿದಂತೆ ಮರೆಯಾಗುತ್ತದೆ ಅಷ್ಟೆ. ಮೌಸಿನಿಂದ ಅಂಚನ್ನು ಹಿಡಿದೆಳೆದರೆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಹದಿನೇಳನೆಯ ತುಂಡಿನ ಅಂಚನ್ನು ಹಾಗೆ ಎಳೆದಾಗ, ನುಡಿ ಮುಗಿದು, ದೂರದಲ್ಲಿ ಮಾನಂದವಾಡಿಯ ಬಸ್ಸಿನ ಹಾರನ್ ಕೇಳಿ, ಅದಾದ ಮೇಲೆ ದೊಡ್ಡಮ್ಮನ ದನಿ ಬಂತು: “ಆಯ್ತೇನ್ ಮಗಾ? ಬಾಯಿ ಒಣ್ಗೋಯ್ತು, ವಸಿ ಎಲಡಕೆ ಕೊಡು.” ಮುಂದಿನ ಹನ್ನೊಂದು ಸೆಕೆಂಡು ಯಾರೂ ಮಾತಾಡುವುದಿಲ್ಲ; ಅಡಕತ್ತರಿಯ ಕಟಕ್ ಎಂಬ ಸದ್ದು ಎರಡು ಸಲ ಬಂದು, ಯಾರೋ ಗುಂಡಿ ಒತ್ತಿ ರೆಕಾರ್ಡಿಂಗ್ ನಿಲ್ಲಿಸಿದ್ದಾರೆ.